ಮೂವತ್ತು ಇಂಚಿನ ಬೇಸ್: ಕೊಳ್ಳೋದು ಒಮ್ಮೆ, ತಿದ್ದೋದು ದಿನಾ

ಸೊಲ್ಲಾಪುರ: ಜಾತ್ರೆಯ ಆರ್ಕೆಸ್ಟ್ರಾ ಇರಲಿ, ಗಣಪತಿ ಮಂಡಳದ ಕಾರ್ಯಕ್ರಮ ಇರಲಿ, ಜನರ ಕಣ್ಣು ಹಾಡುವವರ ಮೇಲೆ. ಹಿಂದೆ ಅರೆಗತ್ತಲಲ್ಲಿ ನಿಂತು ‘ಧುಂ ಧುಂ’ ಅಂತ ಎದೆಗೆ ಬಡಿಯುವಂತೆ ನುಡಿಸುವ ಬೇಸ್ ಗಿಟಾರಿನವನ ಕಡೆ ನೋಡುವವರು ಕಡಿಮೆ. ಆತ ಕೈ ನಿಲ್ಲಿಸಿದಾಗ ಮಾತ್ರ ‘ಯಾಕೋ ಖಾಲಿ ಖಾಲಿ ಆತಲ್ಲ’ ಅನ್ನಿಸುತ್ತದೆ. ಗಡಿಭಾಗದ ಎಷ್ಟೋ ತಂಡಗಳಲ್ಲಿ ಈಗ ಈ ಕೆಲಸ ಕೀಬೋರ್ಡ್ ನುಡಿಸುವವನ ಎಡಗೈಗೆ ಬಿದ್ದಿದೆ. ಆದರೂ ನಾಲ್ಕು ತಂತಿಯ ನಿಜವಾದ ಬೇಸ್ ಬೇಕು ಎನ್ನುವ ಹುಡುಗ, ಹುಡುಗಿಯರು ಇದ್ದೇ ಇದ್ದಾರೆ.

ಅಂಥವರಿಗೆ ಅಂಗಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ ಉದ್ದದ್ದು. ಸಾಮಾನ್ಯ ಬೇಸ್ ಗಿಟಾರಿನ ತಂತಿ 34 ಇಂಚು ನುಡಿಯುತ್ತದೆ. ‘ಶಾರ್ಟ್ ಸ್ಕೇಲ್’ ಎಂಬ ಇನ್ನೊಂದು ಜಾತಿಯದು 30 ಇಂಚು. ಗಿಡ್ಡದ್ದನ್ನು ಕೈಗೆತ್ತಿಕೊಂಡರೆ ಸಾಕು, ಪಕ್ಕದಲ್ಲಿ ನಿಂತ ಗೆಳೆಯ ನಗುತ್ತಾನೆ. ಮನೆಗೆ ತಂದರೆ ಕಾಕಾನ ಮಾತು ಬೇರೆ: ‘ಏನ್ ತಮ್ಮಾ, ರೊಕ್ಕ ಕೊಟ್ಟು ಸಣ್ಣ ಹುಡುಗರದ್ದು ತಂದಿ ಏನ?’

ಈ ನಗುವಿಗೆ ಆಧಾರವಿಲ್ಲ. ಗಿಡ್ಡ ಬೇಸ್ ಕಲಿಯುವವರ ಆಟಿಕೆ ಎಂಬ ನಂಬಿಕೆ ಎಲ್ಲ ಕಡೆ ಹರಡಿದೆ, ನಿಜ. ಆದರೆ ವಾದ್ಯದ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ನಾಲ್ಕು ಇಂಚಿನ ಲೆಕ್ಕ

ಮೊದಲು ಅಳತೆ. ಗಿಟಾರಿನ ತಲೆಯ ಹತ್ತಿರ ತಂತಿ ಕೂರುವ ಸಣ್ಣ ಪಟ್ಟಿಗೆ ನಟ್ ಎನ್ನುತ್ತಾರೆ. ಇನ್ನೊಂದು ತುದಿಯಲ್ಲಿ ಬ್ರಿಜ್, ಅಂದರೆ ತಂಬೂರಿಯವರು ಹೇಳುವ ಕುದುರೆ. ಇವೆರಡರ ನಡುವಿನ ದೂರವೇ ಸ್ಕೇಲ್. ಇಡೀ ಗಿಟಾರಿನ ಉದ್ದ ಇದರಲ್ಲಿ ಲೆಕ್ಕಕ್ಕಿಲ್ಲ.

34 ಇಂಚಿನ ಬೇಸಿನಲ್ಲಿ ಮೊದಲ ಫ್ರೆಟ್‌ನಿಂದ ನಾಲ್ಕನೆಯ ಫ್ರೆಟ್‌ವರೆಗೆ ಸುಮಾರು 13 ಸೆಂಟಿಮೀಟರ್. 30 ಇಂಚಿನದರಲ್ಲಿ ಅದೇ ಹನ್ನೊಂದೂವರೆ. ಒಂದೂವರೆ ಸೆಂಟಿಮೀಟರ್ ಏನು ಮಹಾ ಎನ್ನಬಹುದು. ಆದರೆ ನಾಲ್ಕು ಬೆರಳು ನಾಲ್ಕು ಫ್ರೆಟ್ ಮೇಲೆ ಚಾಚಿ ಎರಡು ತಾಸು ನುಡಿಸಿದವರಿಗೆ ಆ ಒಂದೂವರೆ ಸೆಂಟಿಮೀಟರಿನ ಬೆಲೆ ಗೊತ್ತು. ಕಿರುಬೆರಳು ಗಿಡ್ಡ ಇದ್ದವರಿಗೆ, ಮಣಿಕಟ್ಟು ನೋವಿನವರಿಗೆ, ದಿನವಿಡೀ ಮಗ್ಗ, ಹೊಲಿಗೆ ಮಷೀನು ಅಂತ ದುಡಿದು ರಾತ್ರಿ ವಾದ್ಯ ಹಿಡಿಯುವವರಿಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ಲೆಕ್ಕ ತಂತಿಯ ಎಳೆತದ್ದು. ಅದೇ ತಂತಿ, ಅದೇ ಸ್ವರ. ಉದ್ದ ಕಡಿಮೆಯಾದರೆ ಎಳೆತ ಉದ್ದದ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. 30ನ್ನು 34ರಿಂದ ಭಾಗಿಸಿ ವರ್ಗ ಮಾಡಿದರೆ 0.78 ಬರುತ್ತದೆ. ಅಂದರೆ ಎಳೆತ ಶೇ. 22ರಷ್ಟು ಕಡಿಮೆ. ದಪ್ಪ ‘ಇ’ ತಂತಿ ಉದ್ದನೆಯ ಬೇಸಿನಲ್ಲಿ ಸುಮಾರು 18 ಕೆಜಿ ಎಳೆತದಲ್ಲಿ ಇದ್ದರೆ ಗಿಡ್ಡದರಲ್ಲಿ 14 ಕೆಜಿ. ಬೆರಳಿಗೆ ಹಗುರ, ನಾದ ಗುಂಡಗೆ, ತುಂಬಿಕೊಂಡು ಬರುತ್ತದೆ. ನಷ್ಟವೂ ಇದೆ. ಅದೇ ‘ಇ’ ತಂತಿ ಸ್ವಲ್ಪ ಸಡಿಲ ಸಡಿಲ. ಜೋರಾಗಿ ಮೀಟಿದರೆ ಫ್ರೆಟ್‌ಗೆ ತಾಗಿ ಜರ್ ಎನ್ನುತ್ತದೆ. ಸ್ವರದ ಅಂಚು ಉದ್ದನೆಯ ಬೇಸಿನಷ್ಟು ಸ್ಪಷ್ಟ ಇರುವುದಿಲ್ಲ. ಇದನ್ನು ಮುಚ್ಚಿಟ್ಟು ಮಾರುವವರ ಮಾತು ನಂಬಬಾರದು.

ಗಮನಿಸಬೇಕಾದ ಸಂಗತಿ ಎಂದರೆ, ಫ್ರೆಟ್ ಇರುವ ಎಲೆಕ್ಟ್ರಿಕ್ ಬೇಸ್ ಹುಟ್ಟಿದ್ದೇ ಗಿಡ್ಡವಾಗಿ. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್ಮಾರ್ಕ್ 1930ರ ದಶಕದಲ್ಲಿ ಮಾಡಿದ ‘ಆಡಿಯೋವಾಕ್ಸ್ 736’ ವಾದ್ಯದ ಸ್ಕೇಲ್ ಸುಮಾರು 30 ಇಂಚು. ಅದು ಹೆಚ್ಚು ಮಾರಾಟವಾಗಲಿಲ್ಲ. 34 ಇಂಚು ಬಂದದ್ದು 1951ರಲ್ಲಿ, ಲಿಯೋ ಫೆಂಡರ್ ಅವರ ‘ಪ್ರಿಸಿಷನ್ ಬೇಸ್’ ಜೊತೆ. ಅದು ಗೆದ್ದಿತು, ಅಳತೆಯೂ ಅದರದ್ದೇ ನಿಂತಿತು. 1953ರಲ್ಲಿ ಗಿಬ್ಸನ್ ಕಂಪನಿ ಪಿಟೀಲಿನ ಆಕಾರದಲ್ಲಿ ಮಾಡಿದ ಬೇಸ್ ಮತ್ತೆ ಮೂವತ್ತೂವರೆ ಇಂಚಿನದು. ಫೆಂಡರ್ ಕಂಪನಿ ಕೂಡ 1966ರಲ್ಲಿ 30 ಇಂಚಿನ ‘ಮಸ್ಟಾಂಗ್ ಬೇಸ್’ ಹೊರತಂದಿತು.

ಸಣ್ಣ ಕೈಯವರು ಮಾತ್ರ ಇದನ್ನು ಹಿಡಿಯುತ್ತಾರೆ ಎಂದೂ ಅಲ್ಲ. ಜಾಝ್ ಲೋಕದ ಸ್ಟ್ಯಾನ್ಲಿ ಕ್ಲಾರ್ಕ್ ಎತ್ತರದ ಆಳು, ಆಳೆತ್ತರದ ಡಬಲ್ ಬೇಸನ್ನು ಲೀಲಾಜಾಲವಾಗಿ ನುಡಿಸುವವರು. ಎಲೆಕ್ಟ್ರಿಕ್ ಬೇಸ್ ಅಂದಾಗ ಅವರ ಕೈಯಲ್ಲಿ ಇರುವುದು ಕ್ಯಾಲಿಫೋರ್ನಿಯಾದ ಆಲೆಂಬಿಕ್ ಕಂಪನಿಯ ಗಿಡ್ಡ ಸ್ಕೇಲಿನದು. ಅವರಿಗೆ ಯಾರೂ ‘ಸಣ್ಣ ಹುಡುಗರದ್ದು ತಂದಿ ಏನ’ ಅಂತ ಕೇಳಿದ ಹಾಗಿಲ್ಲ.

ಈ ಭಾಗದವರಿಗೆ ಅರ್ಥವಾಗಲು ಅಷ್ಟು ದೂರ ಹೋಗಬೇಕಿಲ್ಲ, ಮಿರಜವರೆಗೆ ಹೋದರೆ ಸಾಕು. ಅಲ್ಲಿನ ಸತಾರಮೇಕರ ಮನೆತನಗಳು ತಲೆಮಾರುಗಳಿಂದ ಸಿತಾರ, ತಂಬೂರಿ ಮಾಡುತ್ತ ಬಂದಿವೆ. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಜಿಐ ಮಾನ್ಯತೆಯೂ ಸಿಕ್ಕಿತು. ಅವಕ್ಕೆ ಬೇಕಾದ ದೊಡ್ಡ ಸೋರೆಬುರುಡೆ ಬೆಳೆಯುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಲ್ಲಿ. ಅಲ್ಲಿ ಗಂಡಸರ ತಂಬೂರಿ ದೊಡ್ಡದು, ಹೆಂಗಸರ ತಂಬೂರಿ ಗಿಡ್ಡದು. ಹಾಡುವವರ ಸ್ವರ ಎಲ್ಲಿದೆಯೋ ಅದಕ್ಕೆ ತಕ್ಕ ಅಳತೆ. ಗಿಡ್ಡ ತಂಬೂರಿಯನ್ನು ಕಲಿಯುವವರ ತಂಬೂರಿ ಅಂತ ಕರೆದವರು ಯಾರೂ ಇಲ್ಲ. ಕುದುರೆಯ ಮೈಯನ್ನು ನವಿರಾಗಿ ಉಜ್ಜಿ ಜವಾರಿ ತೆಗೆಯುವುದು, ತಂತಿಯ ಕೆಳಗೆ ದಾರದ ಎಳೆ ಸರಿಸಿ ನಾದ ಬಿಡಿಸುವುದು ಅಲ್ಲಿ ವಾದ್ಯ ಮಾಡುವ ಕೆಲಸದಲ್ಲೇ ಸೇರಿದೆ. ಬೇಸ್ ಗಿಟಾರಿನಲ್ಲಿ ‘ಸೆಟಪ್’ ಎನ್ನುವುದೂ ಇದೇ ತರದ ಕೆಲಸ.

ಗಡಿ ಬದಲಾದಾಗ ಹುಟ್ಟಿದ ವಾದ್ಯ

ಗಿಡ್ಡ ಬೇಸನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು ಜರ್ಮನಿಯ ಹಾಫ್ನರ್ ಕಂಪನಿಯ ‘500/1’ ಎಂಬ ಪಿಟೀಲು ಆಕಾರದ ಬೇಸ್. ಅದರ ಹಿಂದಿನ ಕಥೆ ಗಡಿಯ ಜನ ಓದಲೇಬೇಕಾದದ್ದು.

ಕಾರ್ಲ್ ಹಾಫ್ನರ್ 1887ರಲ್ಲಿ ಅಂಗಡಿ ತೆರೆದದ್ದು ಶೋನ್‌ಬಾಖ್ ಎಂಬ ಊರಲ್ಲಿ. ಬೊಹೀಮಿಯಾ ಪ್ರಾಂತದ ಅಂಚಿನ ಊರದು. ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದೊಳಗೆ ಇತ್ತು. ಮನೆ ಮನೆಯಲ್ಲಿ ಪಿಟೀಲು ಮಾಡುವವರು, ಆಡುವ ಮಾತು ಜರ್ಮನ್. ಮೊದಲ ಮಹಾಯುದ್ಧ ಮುಗಿದಾಗ ಊರು ಚೆಕೊಸ್ಲೊವಾಕಿಯಾಕ್ಕೆ ಹೋಯಿತು, 1938ರಲ್ಲಿ ಜರ್ಮನಿ ನುಂಗಿತು, 1945ರಲ್ಲಿ ಮತ್ತೆ ಚೆಕೊಸ್ಲೊವಾಕಿಯಾಕ್ಕೆ ಬಂತು. ಊರು ಇದ್ದಲ್ಲೇ ಇತ್ತು, ಗೆರೆ ಮಾತ್ರ ಅತ್ತಿಂದಿತ್ತ ಸರಿಯಿತು. ಎರಡನೆಯ ಮಹಾಯುದ್ಧದ ನಂತರ ಅಲ್ಲಿಯ ಜರ್ಮನ್ ಭಾಷಿಕರನ್ನು ಮನೆ, ಉಪಕರಣ, ಒಣಗಿಸಿಟ್ಟ ಮರ ಎಲ್ಲ ಬಿಡಿಸಿ ಹೊರಗೆ ಕಳಿಸಲಾಯಿತು. ಇಂದು ಆ ಊರು ಚೆಕ್ ಗಣರಾಜ್ಯದಲ್ಲಿದೆ, ಹೆಸರು ಲುಬಿ.

ಹೊರಬಿದ್ದ ಕಸುಬುದಾರರು ಚದುರಿ ಹೋಗಿದ್ದರೆ ಆ ಕಸುಬು ಅಲ್ಲಿಗೇ ಮುಗಿಯುತ್ತಿತ್ತು. ಬವೇರಿಯಾದ ಎರ್ಲಾಂಗೆನ್ ಹತ್ತಿರದ ಬುಬೆನ್‌ರಾಯ್ಟ್ ಎಂಬ ಹಳ್ಳಿ 1949ರಲ್ಲಿ ಇವರನ್ನು ಒಟ್ಟಾಗಿ ಕರೆದುಕೊಂಡಿತು. ಆ ಹಳ್ಳಿಯ ಜನಸಂಖ್ಯೆ ಆಗ ಐನೂರೂ ಇರಲಿಲ್ಲ. ಬಂದು ಸೇರಿದವರು ಅದರ ಎಷ್ಟೋ ಪಟ್ಟು. ಇವರನ್ನು ಒಂದೆಡೆ ನೆಲೆ ನಿಲ್ಲಿಸಲು ಓಡಾಡಿದವರಲ್ಲಿ ಮುಖ್ಯರು ಫ್ರೆಡ್ ವಿಲ್ಫರ್. ಮುಂದೆ ಅವರ ಫ್ರಾಮಸ್ ಕಂಪನಿಯೂ ಗಿಟಾರಿನಲ್ಲಿ ಹೆಸರು ಮಾಡಿತು. ಹಾಫ್ನರ್ ಕುಟುಂಬವೂ ಅಲ್ಲೇ ಕಾರ್ಖಾನೆ ಕಟ್ಟಿತು.

ಕಾರ್ಲ್ ಅವರ ಮಗ ವಾಲ್ಟರ್ ಹಾಫ್ನರ್ 1955ರಲ್ಲಿ ಹೊಸ ಬೇಸ್ ರೂಪಿಸಿದರು. 1956ರಲ್ಲಿ ಅದನ್ನು ಫ್ರಾಂಕ್‌ಫರ್ಟ್ ಸಂಗೀತ ಮೇಳದಲ್ಲಿ ಪ್ರದರ್ಶಿಸಿದರು. ಮನೆತನದ ಕೈಗೆ ಪಿಟೀಲಿನ ಕೆಲಸ ಗೊತ್ತು, ಆದ್ದರಿಂದ ಬೇಸನ್ನೂ ಪಿಟೀಲಿನ ಹಾಗೆಯೇ ಮಾಡಿದರು. ಒಳಗೆ ಟೊಳ್ಳು, ಮುಂದೆ ಸ್ಪ್ರೂಸ್ ಮರ, ಹಿಂದೆ ಮತ್ತು ಪಕ್ಕಕ್ಕೆ ಮೇಪಲ್. ತೂಕ ಸುಮಾರು ಎರಡೂವರೆ ಕೆಜಿ. ಫೆಂಡರಿನ ಗಟ್ಟಿ ಮರದ ಬೇಸ್ ನಾಲ್ಕು ಕೆಜಿ ಹತ್ತಿರ. ಸ್ಕೇಲ್ 30 ಇಂಚು.

1961ರಲ್ಲಿ ಹ್ಯಾಂಬರ್ಗ್ ಊರಿನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸುತ್ತಿದ್ದ ಇಂಗ್ಲೆಂಡಿನ ಹುಡುಗರ ತಂಡವೊಂದರಲ್ಲಿ ಬೇಸ್ ನುಡಿಸುವವ ತಂಡ ಬಿಟ್ಟ. ಆ ಜಾಗ ಪಾಲ್ ಮೆಕಾರ್ಟ್ನಿ ಹೆಗಲಿಗೆ ಬಂತು. ಫೆಂಡರ್ ಬೆಲೆ ನೂರು ಪೌಂಡ್ ಆಸುಪಾಸು, ಅಷ್ಟು ದುಡ್ಡಿಲ್ಲ. ಹಾಫ್ನರ್ ಸುಮಾರು 30 ಪೌಂಡಿಗೆ ಸಿಕ್ಕಿತು. ಮೆಕಾರ್ಟ್ನಿ ಎಡಚ. ಎರಡೂ ಕಡೆ ಒಂದೇ ತರ ಇರುವ ಪಿಟೀಲಿನ ಆಕಾರ ತಿರುಗಿಸಿ ಹಿಡಿದರೂ ಅಸಹ್ಯ ಕಾಣುವುದಿಲ್ಲ ಎಂಬುದೂ ಒಂದು ಕಾರಣ. ಹೀಗೆ ಅಗ್ಗದ್ದು, ಹಗುರಾದ್ದು, ಕೈಗೆ ಒಗ್ಗುವುದು ಅಂತ ಕೊಂಡ ವಾದ್ಯವೇ ಬೀಟಲ್ಸ್ ತಂಡದ 1962ರ ಮೊದಲ ರೆಕಾರ್ಡಿನಲ್ಲೂ ನುಡಿಯಿತು. ಫೆಂಡರ್ ಕೊಳ್ಳುವ ಶಕ್ತಿ ಬಂದ ಮೇಲೂ ಅವರು ಹಾಫ್ನರ್ ಬಿಡಲಿಲ್ಲ. 1963ರಲ್ಲಿ ಅದೇ ಮಾದರಿಯ ಇನ್ನೊಂದನ್ನು ತೆಗೆದುಕೊಂಡರು.

ಮೊದಲನೆಯದು ಅಷ್ಟರಲ್ಲಿ ಸವೆದು ಹೋಗಿತ್ತು. 1964ರಲ್ಲಿ ಅದಕ್ಕೆ ಪೂರ್ತಿ ಹೊಸ ಬಣ್ಣ ಹೊಡೆಸಿ, ಎರಡೂ ಪಿಕಪ್‌ಗಳನ್ನು ಒಂದೇ ಮರದ ಚೌಕಟ್ಟಿನಲ್ಲಿ ಕೂರಿಸಲಾಯಿತು. ಕಾರ್ಖಾನೆಯಿಂದ ಆ ರೂಪದಲ್ಲಿ ಬಂದದ್ದು ಇನ್ನೊಂದಿಲ್ಲ. 1972ರ ಅಕ್ಟೋಬರ್ 10ರ ರಾತ್ರಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ನಿಲ್ಲಿಸಿದ್ದ ವ್ಯಾನಿನಿಂದ ಅದು ಕಳುವಾಯಿತು. ಐವತ್ತು ವರ್ಷ ಪತ್ತೆಯಿಲ್ಲ. 2023ರಲ್ಲಿ ಆಸಕ್ತರು ಕೆಲವರು ಹುಡುಕಾಟಕ್ಕೆ ಮತ್ತೆ ಚಾಲನೆ ಕೊಟ್ಟಾಗ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಮನೆಯೊಂದರ ಅಟ್ಟದಲ್ಲಿ ಸಿಕ್ಕಿತು. ಇದೇ ಅದು ಎಂದು ಹೇಳಲು ನೆರವಾದ ಗುರುತುಗಳಲ್ಲಿ 1964ರ ಆ ತಿದ್ದುಪಡಿಗಳೂ ಸೇರಿದ್ದವು. ರಿಪೇರಿ ಮಾಡಿಸಿ 2024ರ ಡಿಸೆಂಬರ್ 19ರಂದು ಲಂಡನ್ನಿನ ಓ2 ರಂಗದ ಮೇಲೆ ಮೆಕಾರ್ಟ್ನಿ ಅದನ್ನು ಮತ್ತೆ ನುಡಿಸಿದರು. ಆಗ ಅವರಿಗೆ 82 ವರ್ಷ.

ಮೊದಲು ತಂತಿ, ಆಮೇಲೆ ಸ್ಕ್ರೂಡ್ರೈವರ್

ಅದಿರಲಿ. ಲಂಡನ್ನಿನ ಬೇಸ್ ಲಂಡನ್ನಿನಲ್ಲಿ. ಕಡಿಮೆ ಬೆಲೆಯ ಗಿಡ್ಡ ಬೇಸ್ ಕೊಂಡು ಮನೆಗೆ ತಂದವರು ಮಾಡುವುದೇನು?

ಬಹಳ ಹುಡುಗರು ಮೊದಲ ವಾರವೇ ಪಿಕಪ್ ಬದಲಿಸಲು ಹೊರಡುತ್ತಾರೆ. ಅವಸರ ಬೇಡ. ಮೊದಲು ಬದಲಿಸಬೇಕಾದದ್ದು ತಂತಿ. ಪೊಟ್ಟಣದ ಮೇಲೆ ‘ಶಾರ್ಟ್ ಸ್ಕೇಲ್’ ಅಂತಲೇ ಬರೆದಿರಬೇಕು. ಉದ್ದನೆಯ ಬೇಸಿನ ತಂತಿ ತಂದು ಕತ್ತರಿಸಿ ಹಾಕಿದರೆ ದಪ್ಪ ಸುತ್ತಿನ ಭಾಗವೇ ಬಿರಡೆಗೆ ಸುತ್ತಿಕೊಳ್ಳುತ್ತದೆ, ಸರಿಯಾಗಿ ಕೂರುವುದಿಲ್ಲ. ಒಳಗಿನ ಉಕ್ಕಿನ ಎಳೆ ದುಂಡಗಿದ್ದರೆ ಸುತ್ತು ಬಿಚ್ಚಿಕೊಂಡು ನಾದ ಸತ್ತೇ ಹೋಗುತ್ತದೆ. ಕತ್ತರಿಸಲೇಬೇಕಾದರೆ ಮೊದಲು ತಂತಿಯನ್ನು ಚೂಪಾಗಿ ಮಡಚಿ, ಮಡಿಕೆಯ ಆಚೆ ಕತ್ತರಿಸಬೇಕು.

ಹಾಫ್ನರ್ ತರದ, ಹಿಂದೆ ಬಾಲದಂಥ ಕಂಬಿಯಿಂದ ತಂತಿ ಹೊರಡುವ ಬೇಸುಗಳಲ್ಲಿ ಇನ್ನೊಂದು ತಾಪತ್ರಯ. ಸ್ಕೇಲ್ 30 ಇಂಚೇ ಆದರೂ ತಂತಿ ಕುದುರೆಯ ಹಿಂದಿನಿಂದ ಬರುವುದರಿಂದ ಹೆಚ್ಚು ಉದ್ದ ಬೇಕು. ತಂತಿಯ ಗುಂಡಿನಿಂದ ನಟ್‌ವರೆಗೆ ಟೇಪ್ ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು. ಇಂಥ ಬೇಸಿನ ಕುದುರೆಗೆ ಸ್ಕ್ರೂ ಇರುವುದಿಲ್ಲ, ತಂತಿಯ ಒತ್ತಡದಿಂದಲೇ ನಿಂತಿರುತ್ತದೆ. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದರೆ ಕುದುರೆ ಕಳಚಿ ಕೈಗೆ ಬರುತ್ತದೆ, ಎಲ್ಲಿತ್ತು ಅನ್ನುವುದು ಮರೆತು ಹೋಗುತ್ತದೆ. ಒಂದೊಂದೇ ತಂತಿ ಬದಲಿಸಬೇಕು. ಕುದುರೆಯ ಕಾಲಿನ ಸುತ್ತ ಕಾಗದದ ಟೇಪ್ ಹಚ್ಚಿ ಗುರುತು ಮಾಡಿಕೊಂಡರೆ ಇನ್ನೂ ಚಲೋ.

ತಂತಿಯಲ್ಲೂ ಎರಡು ಜಾತಿ. ದುಂಡು ಸುತ್ತಿನದು ಝಣ್ ಎನ್ನುತ್ತದೆ, ಬೆರಳು ಜಾರಿದಾಗ ಕಿರಗುಟ್ಟುತ್ತದೆ. ಚಪ್ಪಟೆ ಪಟ್ಟಿ ಸುತ್ತಿದ ‘ಫ್ಲಾಟ್‌ವೂಂಡ್’ ನುಣುಪು, ನಾದ ಮೆತ್ತಗೆ, ಗುಂಡಗೆ. ಬೀಟಲ್ಸ್ ಕಾಲದ ಹಾಫ್ನರ್ ನಾದ ಇದರದ್ದೇ. ಬೆಲೆ ಹೆಚ್ಚು, ಆದರೆ ವರ್ಷಗಟ್ಟಲೆ ಬರುತ್ತದೆ. ‘ಇ’ ತಂತಿ ಸಡಿಲ ಅನ್ನಿಸಿದರೆ ಆ ಒಂದನ್ನು ಸ್ವಲ್ಪ ದಪ್ಪನೆಯದು ಹಾಕಿದರೆ ಅರ್ಧ ದೂರು ಮುಗಿಯುತ್ತದೆ. ಖರ್ಚಿಲ್ಲದ ಉಪಾಯವೂ ಒಂದಿದೆ. ಪಾತ್ರೆ ತೊಳೆಯುವ ಹೊಸ ಸ್ಪಂಜಿನ ತುಂಡೊಂದನ್ನು ಕುದುರೆಯ ಹತ್ತಿರ ತಂತಿಗಳ ಕೆಳಗೆ ಸಿಕ್ಕಿಸುವುದು. ಎಳೆದಾಡುವ ನಾದ ತುಂಡಾಗಿ, ಹಳೆಯ ಹಿಂದಿ ಸಿನಿಮಾ ಹಾಡಿನ ಹಾಗೆ ‘ಧಪ್ ಧಪ್’ ಅಂತ ಬರುತ್ತದೆ. ಒಗ್ಗದಿದ್ದರೆ ಕಿತ್ತು ಒಗೆದರಾಯಿತು.

ತಂತಿ ಬದಲಾದರೆ ಎಳೆತ ಬದಲಾಗುತ್ತದೆ, ಎಳೆತ ಬದಲಾದರೆ ಗಿಟಾರಿನ ಕುತ್ತಿಗೆ ಬಾಗುತ್ತದೆ ಅಥವಾ ಸೆಟೆಯುತ್ತದೆ. ಅದನ್ನು ಸರಿಮಾಡಲು ಕುತ್ತಿಗೆಯೊಳಗೆ ಒಂದು ಉಕ್ಕಿನ ಸರಳಿರುತ್ತದೆ, ಟ್ರಸ್ ರಾಡ್. ಪರೀಕ್ಷೆ ಸುಲಭ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು ನಡುವೆ ಏಳನೆಯ ಫ್ರೆಟ್ ಹತ್ತಿರ ನೋಡಬೇಕು. ತಂತಿಗೂ ಫ್ರೆಟ್‌ಗೂ ನಡುವೆ ಒಂದು ಪೋಸ್ಟ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಸರಿ. ಹೆಚ್ಚಿದ್ದರೆ ಸರಳನ್ನು ಬಲಕ್ಕೆ ಬಿಗಿಮಾಡಬೇಕು, ಸಂದೇ ಇಲ್ಲದಿದ್ದರೆ ಎಡಕ್ಕೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಮರಕ್ಕೆ ಹೊಂದಿಕೊಳ್ಳಲು ಒಂದು ರಾತ್ರಿ ಬಿಡಬೇಕು. ‘ಬಿಗಿ ಐತಿ’ ಅಂತ ಜೋರು ಮಾಡಿ ತಿರುವಿದರೆ ಸರಳೇ ಮುರಿದೀತು, ಆಮೇಲೆ ಕುತ್ತಿಗೆಯೇ ಹೋಯಿತು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಹವೆಗೆ ಈ ಮಾತು ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣ ಒಣ. ಮರ ಕುಗ್ಗಿ ಫ್ರೆಟ್‌ಗಳ ತುದಿ ಹೊರಗೆ ಚಾಚಿ ಅಂಗೈಗೆ ಗೀರುತ್ತವೆ. ಮಳೆಗಾಲಕ್ಕೆ ಮತ್ತೆ ಉಬ್ಬುತ್ತದೆ. ಮಧ್ಯಾಹ್ನದ ಹೊತ್ತು ಕಾರ್ಯಕ್ರಮದ ಟೆಂಪೋದಲ್ಲಿ ಗಿಟಾರ್ ಬಿಟ್ಟು ಊಟಕ್ಕೆ ಹೋಗುವವರು ಇದನ್ನು ನೆನಪಿಡಬೇಕು.

ಇನ್ನು ಶ್ರುತಿ. ಹನ್ನೆರಡನೆಯ ಫ್ರೆಟ್ ತಂತಿಯ ಸರಿ ಅರ್ಧಕ್ಕೆ ಇರುತ್ತದೆ. ಅದರ ಮೇಲೆ ಬೆರಳನ್ನು ಹಗುರವಾಗಿ ತಾಗಿಸಿ ಮೀಟಿದ ಸ್ವರ ಮತ್ತು ಅಲ್ಲೇ ಒತ್ತಿ ಮೀಟಿದ ಸ್ವರ ಒಂದೇ ಆಗಬೇಕು. ಮೊಬೈಲಿನ ಟ್ಯೂನರಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಒತ್ತಿದ್ದು ಏರಿದ್ದರೆ ಕುದುರೆಯ ಮೇಲಿನ ಸ್ಯಾಡಲನ್ನು ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ಗಿಡ್ಡ ಬೇಸಿನಲ್ಲಿ ಕೂದಲೆಳೆಯಷ್ಟು ಸರಿದರೂ ಕಿವಿಗೆ ಗೊತ್ತಾಗುತ್ತದೆ. ಕೆಲವು ಅಗ್ಗದ ಮಾದರಿಗಳಲ್ಲಿ ನಾಲ್ಕು ತಂತಿಗೆ ಎರಡೇ ಸ್ಯಾಡಲ್. ಒಂದು ತಂತಿ ಸರಿಯಾದರೆ ಜೋಡಿಯದು ತಪ್ಪುತ್ತದೆ. ನಾಲ್ಕು ಸ್ಯಾಡಲಿನ ಕುದುರೆ ತಂದು ಕೂರಿಸುವುದು ಗಿಡ್ಡ ಬೇಸಿನವರು ಮಾಡುವ ಮೆಚ್ಚಿನ ಬದಲಾವಣೆಗಳಲ್ಲಿ ಒಂದು. ಕೊಳ್ಳುವ ಮುಂಚೆ ಸ್ಕ್ರೂ ತೂತುಗಳ ಅಂತರ ಅಳೆಯದಿದ್ದರೆ ಹೊಸ ತೂತು ಕೊರೆಯಬೇಕಾದೀತು.

ಎಂಟು ಪೌಂಡಿನ ಪ್ರಯೋಗ

ತಿದ್ದುವಿಕೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ರೋಲಿಂಗ್ ಸ್ಟೋನ್ಸ್ ತಂಡದ ಬಿಲ್ ವೈಮನ್ ಒಳ್ಳೆಯ ಉದಾಹರಣೆ. ಇವರ ಕೈ ಸಣ್ಣದು. 1961ರಲ್ಲಿ ‘ಡಲಾಸ್ ಟಕ್ಸೀಡೋ’ ಎಂಬ ಅಗ್ಗದ ಬೇಸನ್ನು ಸುಮಾರು ಎಂಟು ಪೌಂಡಿಗೆ ಹಳೆಯ ಮಾಲಾಗಿ ಕೊಂಡರು. ಮೈ ದೊಡ್ಡದಾಯಿತು ಅಂತ ಮರ ಕೊಯ್ದು ಗಿಡ್ಡ ಮಾಡಿದರು. ಫ್ರೆಟ್‌ಗಳು ಸವೆದು ಜರ್ ಎನ್ನುತ್ತಿದ್ದವು, ಹೊಸದು ಹಾಕೋಣ ಅಂತ ಎಲ್ಲ ಕಿತ್ತರು. ಕಿತ್ತ ಮೇಲೆ ನುಡಿಸಿ ನೋಡಿದರೆ ನಾದ ಹಿಡಿಸಿತು. ಹಾಗೆಯೇ ಬಿಟ್ಟರು. ಫ್ರೆಟ್ ಇಲ್ಲದ, ಸರೋದದ ಹಾಗೆ ಸ್ವರದಿಂದ ಸ್ವರಕ್ಕೆ ಜಾರುವ ಎಲೆಕ್ಟ್ರಿಕ್ ಬೇಸುಗಳಲ್ಲಿ ಇದು ತೀರಾ ಮೊದಲಿನವುಗಳಲ್ಲಿ ಒಂದು. ಎಂಟು ಪೌಂಡಿನ ವಾದ್ಯ ಆದ್ದರಿಂದಲೇ ಗರಗಸ ಹಿಡಿಯುವ ಧೈರ್ಯ ಬಂತು ಅನ್ನಬೇಕು.

ಪಿಕಪ್ ಮತ್ತು ವೈರಿಂಗ್ ಕೆಲಸಕ್ಕೆ ಪುಣೆ, ಬೆಂಗಳೂರಿಗೆ ಓಡಬೇಕಿಲ್ಲ. ಬೆಸುಗೆ ಬರುವ ಟಿವಿ ರಿಪೇರಿ ಅಂಗಡಿಯವರೇ ಸಾಕು. ಫೆಂಡರ್ ಕಂಪನಿ 1971ರಲ್ಲಿ ತಂದ ‘ಮ್ಯೂಸಿಕ್‌ಮಾಸ್ಟರ್ ಬೇಸ್’ ಎಂಬ ಅಗ್ಗದ ಗಿಡ್ಡ ಬೇಸಿನ ಮುಚ್ಚಳ ತೆಗೆದರೆ ಒಳಗೆ ಆರು ತಂತಿಯ ಗಿಟಾರಿನ ಪಿಕಪ್ಪೇ ಇರುತ್ತಿತ್ತು. ನಾಲ್ಕು ತಂತಿ, ಆರು ಅಯಸ್ಕಾಂತ! ಅಂಥದನ್ನು ತೆಗೆದು ಬೇಸಿಗೆಂದೇ ಮಾಡಿದ ಪಿಕಪ್ ಹಾಕಿದರೆ ವ್ಯತ್ಯಾಸ ತಕ್ಷಣ ಕೇಳಿಸುತ್ತದೆ. ಒಂದೇ ಸುರುಳಿಯ ಪಿಕಪ್‌ಗೆ ವಾಡಿಕೆಯಾಗಿ 250 ಕಿಲೋಓಮ್ ವಾಲ್ಯೂಮ್ ಪಾಟ್, ಎರಡು ಸುರುಳಿಯ ಹಂಬಕರ್‌ಗೆ 500. ಟೋನ್ ಗುಂಡಿಯ ಹಿಂದಿನ ಕಪ್ಯಾಸಿಟರ್ ಸಾಮಾನ್ಯವಾಗಿ 0.047 ಮೈಕ್ರೋಫ್ಯಾರಡ್, ಬೆಲೆ ಚಹಾದ ಕಪ್ಪಿನಷ್ಟು. ಟ್ಯೂಬ್‌ಲೈಟ್ ಹತ್ತಿರ ಹೋದಾಗ ಬರುವ ‘ಗುಂಯ್’ ಸದ್ದು ಕಡಿಮೆ ಮಾಡಲು ಮೈಯೊಳಗಿನ ಗುಂಡಿಗೆ ತಾಮ್ರದ ಟೇಪ್ ಹಚ್ಚಿ ಅರ್ಥ್ ವೈರಿಗೆ ಸೇರಿಸುತ್ತಾರೆ.

ತೆಗೆದ ಸಾಮಾನನ್ನು ಗುಜರಿಗೆ ಹಾಕಬಾರದು. ಹಳೆಯ ಪಿಕಪ್, ಕುದುರೆ, ಬಿರಡೆ, ಸ್ಕ್ರೂ ಸಮೇತ ಒಂದು ಡಬ್ಬಿಯಲ್ಲಿ ಹಾಕಿ, ಯಾವತ್ತು ತೆಗೆದದ್ದು ಅಂತ ಚೀಟಿ ಬರೆದಿಡಬೇಕು. ಬಿಚ್ಚುವ ಮುಂಚೆ ವೈರಿಂಗಿನ ಫೋಟೋ ಮೊಬೈಲಿನಲ್ಲಿ ಹಿಡಿದಿಟ್ಟರೆ ಅರ್ಧ ರಾತ್ರಿಯ ಒದ್ದಾಟ ತಪ್ಪುತ್ತದೆ. ಮರ ಕೊಯ್ಯುವುದು, ಹೊಸ ತೂತು ಕೊರೆಯುವುದು ಮಾತ್ರ ಹಿಂದಕ್ಕೆ ಬರುವ ಕೆಲಸವಲ್ಲ. ವೈಮನ್ ಮಾಡಿದರು ಅಂತ ಅಪ್ಪ ಸಾಲ ಮಾಡಿ ಕೊಡಿಸಿದ ಹೊಸ ಬೇಸಿನ ಮೇಲೆ ಗರಗಸ ಇಡುವುದು ಬೇಡ.

ಅರ್ಥಿಂಗ್ ಇಲ್ಲದಿದ್ದರೆ

ಇಷ್ಟೆಲ್ಲ ತಿದ್ದಿದ ಮೇಲೂ ಒಂದು ಕೆಲಸ ವಾದ್ಯದ ಹೊರಗಿದೆ, ಮತ್ತು ಅದು ಜೀವದ ಪ್ರಶ್ನೆ. ಎಲೆಕ್ಟ್ರಿಕ್ ಬೇಸಿನಲ್ಲಿ ಸಾಮಾನ್ಯವಾಗಿ ಕುದುರೆ, ತಂತಿ ಎರಡೂ ಒಳಗಿನ ವೈರಿನ ಮೂಲಕ ಆಂಪ್ಲಿಫೈಯರಿನ ಅರ್ಥಿಗೆ ಜೋಡಣೆಯಾಗಿರುತ್ತವೆ. ಸದ್ದು ತಗ್ಗಿಸಲು ಮಾಡಿದ ವ್ಯವಸ್ಥೆ ಅದು. ಆಂಪ್ಲಿಫೈಯರಿಗೆ ಸರಿಯಾದ ಅರ್ಥ್ ಇಲ್ಲದೆ, ಒಳಗೆ ಕರೆಂಟು ಸೋರಿದರೆ ಆ ಕರೆಂಟು ತಂತಿಗೇ ಬರುತ್ತದೆ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿಗೆ ತಾಗಿದರೆ ಮುಗಿಯಿತು. ಮೈಕಿನ ಕಡೆ ದೋಷವಿದ್ದರೂ ಅಷ್ಟೇ ಅಪಾಯ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸೀ ಊರಿನಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ ಪ್ರೇಕ್ಷಕರ ಎದುರೇ ವೇದಿಕೆಯ ಮೇಲೆ ಹೀಗೆ ಪ್ರಾಣ ಬಿಟ್ಟರು. ಅರ್ಥ್ ಇಲ್ಲದ ಮೈಕ್ ಮುಟ್ಟಿದ್ದೇ ಕಾರಣ.

ಜಾತ್ರೆಯ ಪೆಂಡಾಲಿನಲ್ಲಿ ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡರಲ್ಲೇ ಸಿಕ್ಕಿಸುವುದು, ಬರೀ ವೈರಿನ ತುದಿ ಬಿಡಿಸಿ ಕಡ್ಡಿಯಿಂದ ಒತ್ತುವುದು ಹೊಸದೇನಲ್ಲ. ‘ಇಷ್ಟ ವರ್ಷ ಏನೂ ಆಗಿಲ್ಲಣ್ಣಾ, ನೀ ಹಚ್ಚ್’ ಅನ್ನುವವರೂ ಇರುತ್ತಾರೆ. ಆ ದಪ್ಪ ಪಿನ್ನೇ ಅರ್ಥ್. ಜನರೇಟರ್ ಇದ್ದರೆ ಅದಕ್ಕೂ ನೆಲದಲ್ಲಿ ರಾಡ್ ಹೊಡೆದಿದ್ದಾರೋ ಇಲ್ಲವೋ ಕೇಳಬೇಕು. ವೇದಿಕೆಗೆ ಬರುವ ಲೈನಿನಲ್ಲಿ ಸೋರಿಕೆ ಕಂಡ ಕೂಡಲೇ ಕರೆಂಟು ಕಡಿಯುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿಕೊಂಡರೆ ಎಲ್ಲರಿಗೂ ಕ್ಷೇಮ. ಮೈಕ್ ಹತ್ತಿರ ಹೋಗುವ ಮುಂಚೆ ಆಂಪ್ಲಿಫೈಯರ್ ಚಾಲೂ ಇಟ್ಟು, ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ನಡುವೆ ವೋಲ್ಟೇಜ್ ಇದೆಯೇ ಅಂತ ಸೌಂಡ್ ಸರ್ವಿಸಿನ ಎಲೆಕ್ಟ್ರಿಶಿಯನ್ ಕೈಯಲ್ಲಿ ಮೀಟರ್ ಹಿಡಿಸಿ ನೋಡಿಸಬೇಕು. ಅರ್ಧ ನಿಮಿಷದ ಕೆಲಸ. ಮೀಟರಿನ ಬೆಲೆ ಒಂದು ಸೆಟ್ ಚಪ್ಪಟೆ ತಂತಿಗಿಂತ ಕಡಿಮೆ.